ಸಿಂಚನಾಳ ಕೋಣೆಯ ದೀಪ

ಜೂನ್ 7, ಶನಿವಾರ

ಮತ್ತೆ ಅದೇ. ನಾಬ್ ಎತ್ತ ತಿರುಗಿಸಿದರೂ ಎಲ್‌ಇಡಿ ಪಟ್ಟಿ ಪೂರ್ತಿ ಉರಿಯುತ್ತದೆ, ಇಲ್ಲವೇ ತನ್ನಿಷ್ಟಕ್ಕೆ ಮಿಣುಕುತ್ತದೆ. ಈ ದೇಶದಲ್ಲಿ ಜೂನ್ ಅಂದರೆ ಚಳಿಗಾಲ, ಗರಾಜಿನಲ್ಲಿ ಕೊರೆಯುತ್ತದೆ. ಸಾಲ್ಡರಿಂಗ್ ಐರನ್ ಹಿಡಿದದ್ದು ಮೈಸೂರಿನ ಕಾಲೇಜು ಲ್ಯಾಬಿನಲ್ಲೇ ಕಡೆ. ಈಗ ಆಫೀಸಿನಲ್ಲಿ ಟೆಸ್ಟ್ ಮಾಡುವುದೆಲ್ಲ ಬರೀ ಸಾಫ್ಟ್‌ವೇರ್.

ಆದರೂ ಬಿಡುವ ಹಾಗಿಲ್ಲ. ರಗ್ಬಿ ಆಡುವಾಗ ತಲೆಗೆ ಪೆಟ್ಟು ಬಿದ್ದಂದಿನಿಂದ ಮಗಳು ಸಿಂಚನಾಗೆ ಬೆಳಕು ಆಗುವುದಿಲ್ಲ. ಹದಿನೈದರ ಹುಡುಗಿ, ಮನೆಯಲ್ಲಿ ಒಂದು ಕಡೆ ಕೂತವಳಲ್ಲ, ಕರ್ಟನ್ ಎಳೆದುಕೊಂಡು ಮಲಗಿಬಿಟ್ಟಿದ್ದಾಳೆ. ಊಟ ಕೋಣೆಗೇ. ಡಾಕ್ಟರ್ ಹೇಳಿದ್ದು — ಪೂರ್ತಿ ಕತ್ತಲೆ ಬೇಡ, ಮಂದ ಬೆಳಕಿನಿಂದ ಶುರು ಮಾಡಿ, ನಿಧಾನವಾಗಿ ಏರಿಸಿ. ಅಂಗಡಿಯಿಂದ ತಂದ ದೀಪವನ್ನು ಮಂದ ಮಾಡಿದರೆ ಹೊಟ್ಟೆ ತೊಳಸುತ್ತದಂತೆ. ಅದಕ್ಕೇ ನಾನೇ ದೀಪ ಮಾಡುವ ಈ ಸಾಹಸ.

ಅದೇ ದಿನ, ಸಂಜೆ

ಸಿಕ್ಕಿತು! ಪವರ್ ಸಪ್ಲೈಗೂ, ಬೆಳಕನ್ನು ಏರಿಸಿ ಇಳಿಸುವ ಪುಟ್ಟ ಕಂಪ್ಯೂಟರ್ ಬೋರ್ಡಿಗೂ ಗ್ರೌಂಡ್ ಕೂಡಿಸಿರಲೇ ಇಲ್ಲ. ಒಂದು ಕಪ್ಪು ವೈರ್, ಅಷ್ಟೇ. ಮೊದಲ ವರ್ಷದ ಹುಡುಗರು ಮಾಡುವ ತಪ್ಪು. ನಾಬ್ ತಿರುಗಿಸಿದೆ... ಬೆಳಕು ಹದವಾಗಿ ಇಳಿಯಿತು. ಗಂಡ ಚೇತನ್‌ನನ್ನು ಎಳೆದು ತಂದು ತೋರಿಸಿದೆ.

"ಪರ್ವಾಗಿಲ್ವೇ, ಕೈ ಇನ್ನೂ ಮರ್ತಿಲ್ಲ ನಿಂದು!" ಅಂದರು.

ಜೂನ್ 9

ಸಿಂಚನಾಳ ಕೋಣೆಯಲ್ಲಿ ದೀಪ ಹಾಕಿದೆ. ಅವಳು ದಿಂಬಿನಲ್ಲಿ ಮುಖ ಹುದುಗಿಸಿದಳು.

"ಅಮ್ಮಾ, ಪ್ಲೀಸ್ ಆಫ್ ಮಾಡು. ಇಟ್ಸ್ ಫ್ಲಿಕರಿಂಗ್."

ಮಿಣುಕುವುದು ನನಗೇನೂ ಕಾಣಲಿಲ್ಲ. ಚೇತನ್‌ಗೂ.

"ಎಲ್ಲಿ ಪುಟ್ಟಾ? ಸ್ಟೆಡಿಯಾಗೇ ಇದ್ಯಲ್ಲ," ಅಂದರು.

"ಯು ಗೈಸ್ ನೆವರ್ ಬಿಲೀವ್ ಮಿ." ಗೋಡೆಯ ಕಡೆ ತಿರುಗಿಕೊಂಡಳು.

ಆಮೇಲೆ ಅಡುಗೆಮನೆಯಲ್ಲಿ ಚೇತನ್ — "ಭಯ ಹೊಕ್ಕಿದೆ ಕಣೇ ಅವ್ಳಿಗೆ. ಲೈಟಲ್ಲೇನಿಲ್ಲ." ನನಗೂ ಹಾಗೇ ಅನಿಸಿತ್ತು.

ಜೂನ್ 14

ತಾನಾಗೇ ಕೂಗಿ ಕರೆದಳು. ಹೋಗಿ ನೋಡಿದರೆ ದೀಪವನ್ನು ಒಂದು ಗಳಿಗೆಯ ಮಟ್ಟಿಗೆ ಹಾಕಿಕೊಂಡು, ಕಣ್ಣು ಕಿರಿದು ಮಾಡಿ, ಪೆನ್ಸಿಲ್ ಹಿಡಿದು ಕೂತಿದ್ದಾಳೆ.

"ವಾಚ್ ದಿಸ್." ಪೆನ್ಸಿಲನ್ನು ರಪರಪನೆ ಬೀಸಿದಳು.

ಬೀಸಿದ ಪೆನ್ಸಿಲ್ ಮಸುಕಾಗಿ ಕಾಣಬೇಕು. ಕಂಡದ್ದು ಸಾಲು ಪೆನ್ಸಿಲು — ಬೀಸಣಿಗೆಯ ಕಡ್ಡಿಗಳ ಹಾಗೆ, ಬಿಡಿಬಿಡಿಯಾಗಿ. ಬೆಳಕು ನಿಜಕ್ಕೂ ಹತ್ತಿ ಆರುತ್ತಿತ್ತು! ಈ ಸರ್ಕ್ಯೂಟ್ ಮಂದ ಮಾಡುವುದೇ ಹಾಗೆ, ಬೇಗಬೇಗ ಹತ್ತಿಸಿ ಆರಿಸಿ. ನಮ್ಮ ಕಣ್ಣಿಗೆ ಸಾಕಾದ ವೇಗ ಅವಳ ಕಣ್ಣಿಗೆ ಸಾಲುತ್ತಿರಲಿಲ್ಲ. ನಾನು ಓದಿ ಪಾಸು ಮಾಡಿದ ವಿಷಯವನ್ನು ಕತ್ತಲಲ್ಲಿ ಮಲಗಿದವಳು ಒಂದು ಪೆನ್ಸಿಲಿನಲ್ಲಿ ತೋರಿಸಿಕೊಟ್ಟಳು.

ಚೇತನ್ ಬಂದು ತಾವೂ ಬೀಸಿ ನೋಡಿದರು. ಮಂಚದ ಅಂಚಿನಲ್ಲಿ ಕೂತರು. "ಸಾರಿ ಪುಟ್ಟಾ. ನೀನ್ ಹೇಳ್ದಾಗ್ಲೇ ನಂಬ್ಬೇಕಿತ್ತು."

ಅತ್ತಳು. ನಾನೂ. ಆದರೆ ಎದೆ ಉಬ್ಬಿತ್ತು, ಸುಳ್ಳೇಕೆ ಹೇಳಲಿ.

ಜೂನ್ 17

ಕೋಡ್‌ನಲ್ಲಿ ವೇಗ ಬಹಳಷ್ಟು ಏರಿಸಿದೆ. ಪೆನ್ಸಿಲ್ ಬರೀ ಮಸುಕು. ಕುಣಿಯುವುದೊಂದು ಬಾಕಿ... ಅಷ್ಟರಲ್ಲಿ ಸುಟ್ಟ ವಾಸನೆ. ಪಟ್ಟಿಯನ್ನು ಹತ್ತಿಸಿ ಆರಿಸುವ ಟ್ರಾನ್ಸಿಸ್ಟರ್ ಕಾದ ಕಾವಲಿ. ಬೆರಳು ಚುರ್ ಎಂದಿತು. ಪ್ಲಗ್ ಕಿತ್ತೆ.

ಜೂನ್ 18, ಲಂಚ್ — ಆಫೀಸಿನ ಹತ್ತಿರದ ಪೆನ್‌ರೋಸ್, ಕಾರಿನಲ್ಲಿ

ಬೆಳಗಿನಿಂದ ಮೀಟಿಂಗಿನಲ್ಲೂ ಇದೇ ಯೋಚನೆ. ಅದೇ ಪಟ್ಟಿ, ಅದೇ ಕರೆಂಟ್. ವೇಗ ಏರಿಸುವ ಮೊದಲು ಟ್ರಾನ್ಸಿಸ್ಟರ್ ತಣ್ಣಗಿತ್ತು. ಬದಲಾಗಿದ್ದು ವೇಗವೊಂದೇ. ಅಂದರೆ ಬಿಸಿ ಹುಟ್ಟುವುದು ಹತ್ತಿ ಆರುವ ಆ ನಡುವಿನಲ್ಲಿ. ಬೋರ್ಡಿನ ಬಡಪಾಯಿ ಪಿನ್ನಿಗೆ ಅದನ್ನು ಅಷ್ಟು ಬೇಗ ದೂಡುವ ಶಕ್ತಿ ಇಲ್ಲ. ಟ್ರಾನ್ಸಿಸ್ಟರ್ ಅರ್ಧ ತೆರೆದ ಬಾಗಿಲಿನಂತೆ ನಿಂತು ಬೇಯುತ್ತಿದೆ. ನಡುವೆ ಜೋರಾಗಿ ದೂಡಲು ಒಂದು ಡ್ರೈವರ್ ಚಿಪ್ ಬೇಕು. ಇಲ್ಲೇ ಬಿಡಿಭಾಗದ ಅಂಗಡಿಯಲ್ಲಿ ಸಿಕ್ಕಿತು. ಚಿತ್ರಾನ್ನ ತಿನ್ನುತ್ತಾ ಬರೆಯುತ್ತಿದ್ದೇನೆ. ಸ್ಟೀರಿಂಗ್ ಮೇಲೆ ಕಡಲೆಬೀಜ.

ಜೂನ್ 21

ಚಿಪ್ ಹಾಕಿದೆ. ಮಧ್ಯಾಹ್ನವೆಲ್ಲ ಗರಾಜಿನಲ್ಲಿ ಉರಿಸಿದೆ. ಟ್ರಾನ್ಸಿಸ್ಟರ್ ಮುಟ್ಟಿದೆ — ತಣ್ಣಗೆ! ಸಿಂಚನಾ ಕಪ್ಪು ಕನ್ನಡಕ ಹಾಕಿಕೊಂಡು ಗೋಡೆ ಹಿಡಿದು ಬಂದಳು, ತಾನೂ ಮುಟ್ಟಿ ನೋಡಿದಳು. "ಸ್ವೀಟ್ ಆ್ಯಸ್." ಇಲ್ಲಿಯ ಹುಡುಗರ ಮಾತಿನಲ್ಲಿ 'ಸಖತ್' ಅಂತ.

ರಾತ್ರಿ ಊಟಕ್ಕೆ ಪಟ್ಟಿಯನ್ನು ಟೇಬಲ್ ಹತ್ತಿರ ಕಟ್ಟಿಸಿದಳು. ಬೇರೆ ದೀಪವೆಲ್ಲ ಆಫ್. ನಾಬ್ ಅವಳ ಕೈಯಲ್ಲೇ. ಚೂರು ಏರಿಸಿದಳು, ತಡೆದು ನೋಡಿದಳು, ಕನ್ನಡಕ ತೆಗೆದಳು.

"ಸಾರು ಹಾಕಮ್ಮ."

ತಟ್ಟೆ ಸರಿಯಾಗಿ ಕಾಣದೆ ಚೇತನ್ ಉಪ್ಪಿನಕಾಯಿಗೆ ಮೊಸರು ಸುರಿದುಕೊಂಡರು. ಅವಳು ನಕ್ಕಳು. ಎಷ್ಟು ದಿನವಾಗಿತ್ತು!

ಜುಲೈ 26

ಬರೆಯಲು ಪುರುಸೊತ್ತೇ ಇಲ್ಲ. ಸಿಂಚನಾಗೆ ಈಗ ಅರ್ಧ ದಿನ ಸ್ಕೂಲು, ಟೋಪಿ ಹಾಕಿಕೊಂಡು. ಹೆಂಡರ್ಸನ್ ಬಡಾವಣೆಯಿಂದ ಆಸಿಯಾ ಬಂದಿದ್ದರು. ನನ್ನ ಆಫೀಸಿನವರು, ದಾವಣಗೆರೆ ಕಡೆಯವರು. ಮೈಗ್ರೇನ್‌ನಿಂದ ಬೇಸತ್ತವರು. ದೀಪ ನೋಡಿ, "ನಂಗೂ ಒಂದ್ ಮಾಡ್ಕೊಡ್ರೀ ಶ್ರೀವಿದ್ಯಾ," ಅಂದರು. ಹೂಂ ಅನ್ನುವಷ್ಟರಲ್ಲಿ ಹಿಂದಿನಿಂದ ದನಿ — "ನಾನ್ ಮಾಡ್ತೀನಿ ಆಂಟಿ."

ಆಗಸ್ಟ್ 9

ಆಸಿಯಾರ ದೀಪಕ್ಕೆ ಕೂತಿದ್ದಾಳೆ ಸಿಂಚನಾ. ಸ್ವಲ್ಪ ಹೊತ್ತು ಸಾಲ್ಡರ್, ಸ್ವಲ್ಪ ಹೊತ್ತು ಕಣ್ಣು ಮುಚ್ಚಿ ವಿಶ್ರಾಂತಿ. ದಿನಾ ಹೀಗೇ. ಇವತ್ತು ಹಾಕಿದರೆ ಹತ್ತಲಿಲ್ಲ. ಒಂದು ಜಾಯಿಂಟ್ ಸರಿಯಾಗಿ ಕೂತಿಲ್ಲ, ನನಗೆ ಕಂಡಿತು. ಬಾಯಿ ತೆರೆದೆ.

"ಡೋಂಟ್ ಟೆಲ್ ಮಿ!"

ಚಹಾ ಮಾಡುವ ನೆಪದಲ್ಲಿ ಒಳಗೆ ಬಂದೆ. ಹಾಲು ಉಕ್ಕುವ ಹೊತ್ತಿಗೆ ಗರಾಜಿನಿಂದ ಕೇಕೆ. ಹಾಲು ಉಕ್ಕಿತು, ಉಕ್ಕಲಿ.

ಆಗಸ್ಟ್ 16, ಸಂಜೆ

ಮೊನ್ನೆ ದೀಪ ಒಯ್ದ ಆಸಿಯಾರ ಫೋನ್. "ಸರಿಯಾಗಿದ್ಯಾ? ತೊಂದ್ರೆ ಇದ್ರೆ ಹೇಳಿ, ಬಂದ್ ನೋಡ್ತೀನಿ," ಅಂದೆ.

"ನೀವ್ ಬ್ಯಾಡ್ರೀ, ಇಂಜಿನಿಯರಿಗೆ ಫೋನ್ ಕೊಡ್ರಿ. ನಿನ್ನೆ ದೀಪ ಹಚ್ಕೊಂಡು ಮೊಮ್ಮಗೂಗೆ ಕತೆ ಓದಿದೆ, ತಲೆ ಸಿಡೀಲೇ ಇಲ್ಲ. ಅದನ್ನ ಅವಳಿಗೇ ಹೇಳ್ಬೇಕು."

ಸಿಂಚನಾಗೆ ಕೊಟ್ಟೆ. ಅರ್ಧ ತಾಸಾಯಿತು, ಇನ್ನೂ ಮಾತಾಡುತ್ತಿದ್ದಾಳೆ, ಅದೂ ಕನ್ನಡದಲ್ಲಿ. ಚೇತನ್ ಸೌಟು ಹಿಡಿದುಕೊಂಡು ಬಾಗಿಲಲ್ಲೇ ನಿಂತಿದ್ದಾರೆ. ಆಂಟಿಗೆ ಈಗ ಅಡುಗೆಮನೆಗೂ ಒಂದು ಬೇಕಂತೆ.

"ಅಮ್ಮನ್ನ ಕೇಳೋದ್ ಬೇಡ ಆಂಟಿ. ನಾನೇ ಮಾಡಿದ್ದು, ನಂಗೊತ್ತು. ಎಷ್ಟುದ್ದ ಬೇಕು? ತಾಳಿ, ಬರ್ಕೋತೀನಿ..."

ಕೈಚಾಚಿ ನಿಂತಿದ್ದಾಳೆ, ಪೆನ್ನು ಬೇಕಂತೆ. ಕೊಡುತ್ತೇನೆ ಕಣೇ, ಈ ಒಂದು ಸಾಲು ಮುಗಿ—