ಐದನೆಯ ಬುರುಡೆ ಪ್ಲಾಸ್ಟರಿನದೆಂದು ಬರೆದುಕೊಡಿ

ಮಾನವನ ಉಗಮ ಕುರಿತ ಸಾರ್ವಜನಿಕ ಉಪನ್ಯಾಸಮಾಲೆಯ ಯೋಜನಾಧಿಕಾರಿಗಳಿಗೆ,

ಮಾನ್ಯರೇ,

ನನಗೆ ತಮ್ಮಿಂದ ಒಂದೇ ಒಂದು ಸಾಲು ಬೇಕಾಗಿದೆ. ‘ನಮ್ಮ ಕಚೇರಿ ಕಳಿಸಿದ ಪೆಟ್ಟಿಗೆಯಲ್ಲಿದ್ದ ಐದನೆಯ ತಲೆಬುರುಡೆ ಪ್ಲಾಸ್ಟರಿನಿಂದ ಮಾಡಿದ್ದು’ ಎಂಬ ಸಾಲು. ಅದರ ಕೆಳಗೆ ಸಹಿ, ಮೊಹರು. ಇದಕ್ಕಾಗಿ ಮೂರು ತಿಂಗಳಲ್ಲಿ ನಾಲ್ಕು ಪತ್ರ ಬರೆದೆ, ಎರಡು ಸಲ ಬಸ್ಸು ಹಿಡಿದು ಬಂದು ತಮ್ಮ ಕಚೇರಿಯ ಬೆಂಚಿನ ಮೇಲೆ ದಿನವಿಡೀ ಕೂತು ಹೋದೆ. ಈ ಸಾಲು ಸಿಗದ ಕಾರಣಕ್ಕೆ ಹುಲೆಪ್ಪ ಎಂಬ ಐವತ್ತೆರಡು ವರ್ಷದ ಶಾಲಾ ಜವಾನ ಜೈಲಿನಲ್ಲಿದ್ದಾನೆ. ಸಮಾಧಿ ಅಗೆದು ಸತ್ತವರ ತಲೆ ತೆಗೆದನೆಂಬುದು ಅವನ ಮೇಲಿನ ಆರೋಪ. ಜೂನ್ ಒಂಬತ್ತಕ್ಕೆ ವಿಚಾರಣೆ. ಖಾಸಗಿ ಪತ್ರಗಳು ತಮ್ಮಲ್ಲಿ ಯಾವ ಕಪಾಟಿನಲ್ಲಿ ನಿದ್ದೆ ಹೋಗುತ್ತವೋ ತಿಳಿಯದು, ಹಾಗಾಗಿ ಪತ್ರಿಕೆಯಲ್ಲಿ ಬರೆಯುತ್ತಿದ್ದೇನೆ.

ಯೋಜನೆ ತಮ್ಮದೇ. ಇದನ್ನೂ ನೆನಪು ಮಾಡಿಕೊಡಬೇಕಾಗಿದೆ, ಏಕೆಂದರೆ ಫೆಬ್ರವರಿಯ ಗಲಾಟೆಯ ನಂತರ ತಮಗೆ ಮರೆವು ಹತ್ತಿದೆ. ಕಳೆದ ಡಿಸೆಂಬರಿನಲ್ಲಿ, ಅಂದರೆ ೧೯೮೫ರ ಕೊನೆಗೆ, ಆಳಂದ, ಅಫಜಲಪುರ, ಜೇವರ್ಗಿ ತಾಲೂಕುಗಳ ವಿಜ್ಞಾನ ಶಿಕ್ಷಕರನ್ನು ಕೂಡಿಸಿ, ಚಹಾ ಕುಡಿಸಿ, ಮನುಷ್ಯ ಎಲ್ಲಿಂದ ಬಂದನೆಂದು ಹಳ್ಳಿಯವರಿಗೆ ತಿಳಿಸಿಕೊಡುವುದೇ ನಿಜವಾದ ದೇಶಸೇವೆ ಎಂದು ಭಾಷಣ ಮಾಡಿದವರು ತಾವಲ್ಲವೇ? ನಾನು ಮುಂದಿನ ಸಾಲಿನಲ್ಲಿ ಕೂತು ಚಪ್ಪಾಳೆ ಹೊಡೆದವನು. ನಂತರ ಒಂದು ಕಟ್ಟಿಗೆ ಪೆಟ್ಟಿಗೆ ಬಂತು. ಒಳಗೆ ಹುಲ್ಲಿನ ನಡುವೆ ಐದು ಬುರುಡೆಗಳು: ಮೊದಲನೆಯದು ಮಂಗನದು, ಕೊನೆಯದು ಇಂದಿನ ಮನುಷ್ಯನದು, ನಡುವಿನ ಮೂರು ನಮ್ಮ ಪೂರ್ವಜರವು. ಐದೂ ಪ್ಲಾಸ್ಟರಿನವು. ಐದೂ ಆಗ ತಾನೆ ಸುಣ್ಣ ಬಳಿದ ಗೋಡೆಯಷ್ಟು ಬಿಳುಪು.

ಆ ಬಿಳುಪೇ ನನ್ನನ್ನು ಕೆಡಿಸಿತು. ಚೌಡಾಪುರದ ಮೊದಲ ಉಪನ್ಯಾಸದಲ್ಲಿ ನಾನು ಐದನೆಯದನ್ನು ಎತ್ತಿ ಹಿಡಿದಾಗ ಜನ ಬಿದ್ದು ಬಿದ್ದು ನಕ್ಕರು. ಸುಣ್ಣದ ಗಡಿಗೆ ತಂದಿದ್ದೀರಲ್ಲ ಮಾಸ್ತರ ಎಂದು ಒಬ್ಬ ಕೂಗಿದ. ನನಗೆ ಸಿಟ್ಟು ಬಂತು, ನಾಚಿಕೆಯೂ ಆಯಿತು. ಮನೆಗೆ ಬಂದು ಐದಕ್ಕೂ ಚಹಾದ ಡಿಕಾಕ್ಷನ್ ಹಚ್ಚಿ, ಒಣಗಿದ ಮೇಲೆ ಕರಿಮಣ್ಣು ತಿಕ್ಕಿದೆ. ನೂರಾರು ವರ್ಷ ನೆಲದಲ್ಲಿದ್ದು ಎದ್ದು ಬಂದಂತೆ ಕಂಡವು. ಇದು ನನ್ನ ತಪ್ಪು. ತಾವು ಹೇಳಿರಲಿಲ್ಲ, ಹುಲೆಪ್ಪ ಮಾಡಿರಲಿಲ್ಲ. ಬುದ್ಧಿ ಖರ್ಚು ಮಾಡಿದವನು ನಾನು.

ಎರಡನೆಯ ಉಪನ್ಯಾಸ ಫೆಬ್ರವರಿಯಲ್ಲಿ, ಮಾದನಹಿಪ್ಪರಗಾದಿಂದ ಮೂರು ಮೈಲಿ ಆಚೆಗಿನ ಒಂದು ಊರಿನಲ್ಲಿ. ಹೆಸರು ಬರೆಯುವುದಿಲ್ಲ, ಸಾಬವ್ವ ಇನ್ನೂ ಅಲ್ಲೇ ಬದುಕಬೇಕಾಗಿದೆ. ಸಾಬವ್ವ ಹುಲೆಪ್ಪನ ಹೆಂಡತಿ. ಪೆಟ್ಟಿಗೆ ಹೊತ್ತು ನನ್ನ ಜೊತೆ ತಿರುಗುತ್ತಿದ್ದ ಹುಲೆಪ್ಪನ ಸ್ವಂತ ಊರು ಅದು. ನಮ್ಮೂರಲ್ಲೂ ಒಂದು ಭಾಷಣ ಆಗಲಿ ಎಂದು ದುಂಬಾಲು ಬಿದ್ದವನೂ ಅವನೇ. ಅವನ ಮನೆತನದವರು ತಲೆತಲಾಂತರದಿಂದ ಆ ಊರಿನ ಹೆಣಗಳಿಗೆ ಕುಣಿ ತೋಡುವವರು. ನಮ್ಮ ಜನ ಸತ್ತವರನ್ನು ಸುಡುವುದಿಲ್ಲ. ಹಣೆಗೆ ವಿಭೂತಿ ಹಚ್ಚಿ, ಕೈಯಲ್ಲಿ ಲಿಂಗವಿಟ್ಟು, ಕುಳ್ಳಿರಿಸಿ ಮಣ್ಣು ಮಾಡುತ್ತೇವೆ. ಕುಣಿ ತೋಡಿದವನು ಮಾತ್ರ ಹೆಣ ಇಳಿಸುವ ಹೊತ್ತಿಗೆ ದೂರ ಸರಿದು ನಿಲ್ಲಬೇಕು.

ಸಂಜೆ ನಾಲ್ಕಕ್ಕೆ ಕಟ್ಟೆಯ ಮೇಲೆ ಶುರುಮಾಡಿ ಎರಡು ಗಂಟೆ ಮಾತಾಡಿದೆ. ಇಷ್ಟು ಚೆನ್ನಾಗಿ ನಾನು ಎಂದೂ ಮಾತಾಡಿರಲಿಲ್ಲ. ನಾವೆಲ್ಲ ಒಂದೇ ಬಳ್ಳಿಯ ಕಾಯಿಗಳು, ಗೌಡರಿಗೊಬ್ಬ ಮುತ್ತ್ಯಾ ತಳವಾರರಿಗೊಬ್ಬ ಮುತ್ತ್ಯಾ ಎಂದಿಲ್ಲ ಎಂದೆ. ಯಾರೂ ತಕರಾರು ಮಾಡಲಿಲ್ಲ, ಊರಿನ ಹಿರಿಯ ಶಿವರಾಯ ಗೌಡರೇ ಮೊದಲು ಚಪ್ಪಾಳೆ ಹೊಡೆದರು. ಮನುಷ್ಯನ ಹಣೆ ಹೇಗೆ ನೆಟ್ಟಗಾಯಿತೆಂದು ತೋರಿಸಲು ಐದನೆಯ ಬುರುಡೆಯ ಹಣೆಯ ಮೇಲೆ ಮೂರು ಬೆರಳು ಎಳೆದೆ. ಮತ್ತೆ ಮತ್ತೆ ಎಳೆದೆ. ಬೆರಳು ಬೆವತಿದ್ದವು. ಕರಿಮಣ್ಣು ಅಷ್ಟರ ಮಟ್ಟಿಗೆ ಅಳಿಸಿ, ಕೆಳಗಿನ ಪ್ಲಾಸ್ಟರು ಮೂರು ಬಿಳಿ ಗೆರೆಯಾಗಿ ಎದ್ದು ಕಂಡಿತು. ನಾನು ನೋಡಲಿಲ್ಲ. ಮುಂದೆ ಕೂತ ಸುಭದ್ರಾಬಾಯಿ ನೋಡಿದಳು.

ಅವಳ ಗಂಡ ಚಂದ್ರಾಮಪ್ಪನನ್ನು ಆ ಊರಿನಲ್ಲಿ ನವೆಂಬರಿನಲ್ಲಿ ಮಣ್ಣು ಮಾಡಿದ್ದರು. ಅವಳು ಎದ್ದು ಬಂದಳು, ಕೂಗಾಡಲಿಲ್ಲ. ಬುರುಡೆಯನ್ನು ನನ್ನ ಕೈಯಿಂದ ತೆಗೆದುಕೊಂಡು ಸೆರಗಿನಲ್ಲಿ ಇಟ್ಟುಕೊಂಡಳು.

“ಇಬತ್ತಿ ನಾನ ಹಚ್ಚೇನ್ರಿ ಇದಕ್ಕ,” ಎಂದಳು. “ಇವರನ್ನ ಯಾಕ ಎಬ್ಬಿಸಿ ತಂದ್ರಿ?”

ಮೂರು ತಿಂಗಳಲ್ಲಿ ದೇಹ ಹಾಗಾಗುವುದಿಲ್ಲ ಎಂದು ಆ ಹೆಣ್ಣುಮಗಳ ಮುಖ ನೋಡಿ ಹೇಳಲು ನನಗೆ ಬಾಯಿ ಬರಲಿಲ್ಲ. ಇದು ಪ್ಲಾಸ್ಟರು ತಾಯಿ ಎಂದು ಉಗುರಿನಿಂದ ಕೆರೆದು ತೋರಿಸಲು ಹೋದೆ. ಸತ್ತವರ ಹಣೆ ಕೆರೆಯಬೇಡಿ ಎಂದು ನಾಲ್ಕು ಜನ ನನ್ನ ಕೈ ಹಿಡಿದರು. ಪೆಟ್ಟಿಗೆಯಿಂದ ಮಂಗನ ಬುರುಡೆ ತೆಗೆದು ಕಟ್ಟೆಗೆ ಬಡಿದು ಒಡೆದೆ, ಒಳಗಿನ ಬಿಳಿ ಪುಡಿಯನ್ನು ಎಲ್ಲರ ಅಂಗೈಗೂ ಹಾಕಿದೆ. ಶಿವರಾಯ ಗೌಡರು ಮುಟ್ಟಿ ನೋಡಿ, ಮಂಗ್ಯಾಂದು ಸುಣ್ಣದ್ದೇ ಇರಬಹುದು, ಆದರೆ ಇದು ಮನುಷ್ಯಾಂದು ಎಂದರು.

ಹಾಗಾದರೆ ಅಗೆದವರು ಯಾರು? ಬುರುಡೆ ಹಿಡಿದು ಎರಡು ಗಂಟೆ ಕುಣಿದವನು ನಾನು. ಆದರೆ ನನ್ನ ಕೊರಳಲ್ಲಿ ಲಿಂಗವಿದೆ, ನನ್ನನ್ನು ಜೋಪಾನವಾಗಿ ಬಸ್ಸಿಗೆ ಹತ್ತಿಸಿದರು. ಎಲ್ಲರ ಮೂಲ ಒಂದೇ ಎಂದು ಕೇಳಿ ತಲೆದೂಗಿದ ಆ ಜನಕ್ಕೆ, ಮರುದಿನ ಬೆಳಿಗ್ಗೆ ಯಾರ ಮನೆಯ ಬಾಗಿಲಿಗೆ ಹೋಗಬೇಕೆಂಬುದು ಚೆನ್ನಾಗಿ ಗೊತ್ತಿತ್ತು. ಹುಲೆಪ್ಪನ ಎಡಗೈ ಮುರಿದರು. ಆಮೇಲೆ ಆ ಬುರುಡೆಗೆ ಸಕಲ ವಿಧಿಯಿಂದ ಮಣ್ಣು ಕೊಡುವುದೆಂದು ತೀರ್ಮಾನವಾಯಿತು. ಕುಣಿ ತೋಡುವ ಪಾಳಿ ಅವನ ಮನೆಯದೇ ತಾನೆ? ಚಂದ್ರಾಮಪ್ಪನ ಸಮಾಧಿಯ ಪಕ್ಕದಲ್ಲಿ, ಒಂದೇ ಕೈಯಲ್ಲಿ, ಅವನಿಂದಲೇ ತೋಡಿಸಿದರು. ನಂತರ ಪೊಲೀಸರಿಗೆ ಒಪ್ಪಿಸಿದರು. ಮಾನ್ಯರೇ, ತಮ್ಮ ಕಚೇರಿಯ ಪ್ಲಾಸ್ಟರಿನ ಮೇಲೆ ಈಗ ಕಲ್ಲು ನೆಟ್ಟಿದ್ದಾರೆ, ಸೋಮವಾರಕ್ಕೊಮ್ಮೆ ಹೂವು ಏರಿಸುತ್ತಾರೆ. ಅದನ್ನು ತೆಗೆದು ನೋಡಿರೆಂದು ನಾನು ಅರ್ಜಿ ಕೊಟ್ಟೆ. ಮತ್ತೆ ಅಗೆದರೆ ಶಾಂತಿಭಂಗವಾಗುತ್ತದೆಂದು ಪೊಲೀಸರು ವರದಿ ಬರೆದರು.

ಇನ್ನು ಉಳಿದದ್ದು ತಮ್ಮ ಕಾಗದವೊಂದೇ. ತಾವು ಏನು ಬರೆದಿರಿ? ಮೊದಲ ಪತ್ರಕ್ಕೆ, ಅಂಥ ಉಪನ್ಯಾಸವನ್ನು ಈ ಕಚೇರಿ ಏರ್ಪಡಿಸಿಲ್ಲ ಎಂಬ ಉತ್ತರ. ಆಮೇಲಿನ ಎರಡಕ್ಕೆ ಉತ್ತರವೇ ಇಲ್ಲ. ನಾಲ್ಕನೆಯದಕ್ಕೆ ನೋಟೀಸು: ‘ಬೋಧನೋಪಕರಣಗಳ ಪೈಕಿ ಒಂದನ್ನು ಹಾಳು ಮಾಡಿದ್ದೀರಿ, ಇನ್ನೊಂದನ್ನು ಏಳು ದಿನದೊಳಗೆ ಹಿಂದಿರುಗಿಸತಕ್ಕದ್ದು.’ ಏರ್ಪಡಿಸದ ಉಪನ್ಯಾಸದ ಉಪಕರಣ ತಮ್ಮದು ಹೇಗಾಯಿತು ಸ್ವಾಮಿ? ಬುರುಡೆ ಎಂಬ ಪದವಿಲ್ಲ, ಪ್ಲಾಸ್ಟರ್ ಎಂಬ ಪದವಿಲ್ಲ. ಎರಡನ್ನೂ ತಪ್ಪಿಸಿ ಬರೆಯಲು ತಮ್ಮ ಗುಮಾಸ್ತರು ಎಷ್ಟು ಕಷ್ಟಪಟ್ಟರೋ! ವಕೀಲರು ಓದಿ, ಇದು ಕೋರ್ಟಿನಲ್ಲಿ ನಡೆಯುವುದಿಲ್ಲವೆಂದರು. ಯಾರಿಗೆ ಹೆದರಿದ್ದೀರಿ? ಮತ ಕೇಳಲು ಬರುವವರಿಗೋ, ಮೇಲಿನವರಿಗೋ? ಉಪನ್ಯಾಸ ಬೇಡವೆನಿಸಿದರೆ ನಿಲ್ಲಿಸಿ, ನಾನೇನೂ ಕೇಳುವುದಿಲ್ಲ. ನಾನೇ ತಂದದ್ದು, ನಾನೇ ಮಣ್ಣು ತಿಕ್ಕಿದ್ದು ಎಂದು ಠಾಣೆಯಲ್ಲಿ ಬರೆದುಕೊಟ್ಟೆ. ಸಬ್‌ಇನ್ಸ್‌ಪೆಕ್ಟರರು ಓದಿ, ಮಡಚಿ, ವಾಪಸು ನನ್ನ ಜೇಬಿಗೇ ಇಟ್ಟರು. ನಿಮ್ಮಂಥವರು ಇಂಥದ್ದು ಮಾಡುವುದಿಲ್ಲ ಎಂದು ಗೌರವದಿಂದ ಹೇಳಿ ಕಳಿಸಿದರು.

ಕಳೆದ ವಾರ ಜೈಲಿಗೆ ಹೋಗಿದ್ದೆ. ಜಾಮೀನಿಗೆ ನಾನು ನಿಲ್ಲುತ್ತೇನೆಂದರೆ ಹುಲೆಪ್ಪ ಬೇಡವೆಂದ. ವಿಚಾರಣೆಯ ದಿನ ಅಪರಾಧ ಒಪ್ಪಿಕೊಳ್ಳುತ್ತೇನೆ ಎಂದ. ನನಗೆ ತಲೆ ಕೆಟ್ಟಿತು, ಗದರಿಸಿದೆ. ಅದು ಪ್ಲಾಸ್ಟರೆಂದು ನಿನಗೆ ಗೊತ್ತಿಲ್ಲವೇನೋ ಎಂದೆ.

“ಗೊತ್ತದ್ರಿ ಮಾಸ್ತರ. ಎರಡು ಸಲ ಕೈ ಜಾರಿ ಬಿದ್ದಿತ್ತು, ಸುಣ್ಣ ಉದುರಿತ್ತು. ನಿಮಗ ಹೇಳಿರಲಿಲ್ಲ,” ಎಂದ. “ನನಗ ಗೊತ್ತಿದ್ರ ಏನಾತ್ರಿ? ಒಪ್ಕೊಂಡ್ರ ಸಾಬವ್ವಗ ಊರಾಗ ಇರಾಕ ಬಿಡ್ತೀವಿ ಅಂದಾರ. ಬಾವಿ ನೀರಿಗೆ ಬಿಡ್ತೀವಿ ಅಂದಾರ.”

ನಾನು ಎದ್ದು ಬಂದೆ.

ಮಾನ್ಯರೇ, ಒಡೆದ ಬುರುಡೆಯ ಬೆಲೆ ನನ್ನ ಸಂಬಳದಲ್ಲಿ ಮುರಿದುಕೊಳ್ಳಿ. ಬಣ್ಣ ಹಚ್ಚಿದ್ದಕ್ಕೆ ನೌಕರಿಯಿಂದ ತೆಗೆಯಿರಿ, ಬೇಕಾದರೆ ಜೈಲಿಗೂ ಕಳಿಸಿ, ಬರುತ್ತೇನೆ. ಆದರೆ ಜೂನ್ ಎಂಟರೊಳಗೆ ಆ ಒಂದು ಸಾಲು ಬರೆದು ನ್ಯಾಯಾಲಯಕ್ಕೆ ಮುಟ್ಟಿಸಿ. ಅದು ಕೋರ್ಟಿನ ಮುಂದಿದ್ದರೆ ಅವನು ಒಪ್ಪಿಕೊಂಡರೂ ಆ ಒಪ್ಪಿಗೆ ನಿಲ್ಲುವುದಿಲ್ಲವೆಂದು ವಕೀಲರು ಹೇಳಿದ್ದಾರೆ. ಒಂಬತ್ತರಂದು ಹನ್ನೊಂದು ಗಂಟೆಗೆ ಹುಲೆಪ್ಪನ ಹೆಸರು ಕೂಗುತ್ತಾರೆ. ತಮ್ಮ ಕಾಗದ ಬಂದಿರದಿದ್ದರೆ, ಅವನು ಹೌದು ಎನ್ನುತ್ತಾನೆ.

ಇಂತಿ,
ತಮ್ಮ ದಾಖಲೆಗಳ ಪ್ರಕಾರ ಎಲ್ಲಿಯೂ ಉಪನ್ಯಾಸ ಮಾಡಿರದ,
ಶಾಂತಲಿಂಗಪ್ಪ
ವಿಜ್ಞಾನ ಶಿಕ್ಷಕ, ಆಳಂದ ತಾಲೂಕು
೨೬ ಮೇ ೧೯೮೬