ತಮ್ಮನ ಮಣಿಕಟ್ಟು

ಮಾರ್ಚ್ ೧೧, ಬುಧವಾರ.

ಎಕ್ಸ್-ರೇ ಮುಗಿಯಿತು. ಹದಿನಾರು ವರ್ಷದೊಳಗಿನವರ ಕ್ರಿಕೆಟ್ ತಂಡಕ್ಕೆ ಸೇರಿಸುವ ಮುಂಚೆ ಮಣಿಕಟ್ಟಿನ ಮೂಳೆ ನೋಡಿ ವಯಸ್ಸು ಹೇಳುತ್ತಾರೆ. ಕಾಗದದಲ್ಲಿ ನನಗೆ ಹದಿನೈದು, ನಿಜದಲ್ಲಿ ಹದಿನೇಳೂವರೆ. ಅದಕ್ಕೇ ಅಪ್ಪ ನನ್ನ ಬದಲು ತಮ್ಮನನ್ನು ಒಳಗೆ ಕಳಿಸಿದರು. ನಮ್ಮಿಬ್ಬರದೂ ಒಂದೇ ಅಚ್ಚು.

"ಒಂದ್ ನಿಮಿಷದ ಕೆಲ್ಸ. ಯಾರಪ್ಪನ ಗಂಟೂ ಹೋಗಲ್ಲ," ಅಂದರು.

ನಾನು ಹೊರಗೆ ಬೆಂಚಿನ ಮೇಲೆ ಕೂತಿದ್ದೆ. ತಮ್ಮ ತಡವರಿಸದೆ ನನ್ನ ಹೆಸರು ಹೇಳಿದ್ದು ಕೇಳಿಸಿತು. ಅವನು ಯಂತ್ರದ ಕೆಳಗೆ ಎಡಗೈ ಚಾಚಿದ್ದು ಬಾಗಿಲ ಸಂದಿಯಿಂದ ಕಂಡಿತು. ಆಮೇಲೆ ಅವನ ಫೋಟೋ ತೆಗೆದು ನನ್ನ ಫೈಲಿಗೆ ಅಂಟಿಸಿದರು.

ಬಸ್ಸಿನಲ್ಲಿ ಕಿಟಕಿಯ ಕಡೆ ಮುಖ ಮಾಡಿಕೊಂಡೇ ಕೇಳಿದ: "ಅಣ್ಣಾ, ಮುಂದಿನ ವರ್ಷ ನಾನೇ ಸೆಲೆಕ್ಷನ್‌ಗೆ ಬಂದ್ರೆ? ಅವ್ರ ಹತ್ರ ನನ್ ಫೋಟೋ ನಿನ್ ಹೆಸ್ರಲ್ಲಿ ಇರುತ್ತಲ್ವಾ?"

"ಆಗ ನೋಡ್ಕೊಳ್ಳೋಣ ಬಿಡು," ಎಂದೆ.

ಈಗ ತಮ್ಮ ಪಕ್ಕದಲ್ಲೇ ಮಲಗಿದ್ದಾನೆ. ತಂಡದಲ್ಲಿ ನನ್ನ ಜಾಗ ಗಟ್ಟಿಯಾಯಿತು, ನಿದ್ದೆ ಮಾತ್ರ ಹತ್ತಿರ ಸುಳಿಯುತ್ತಿಲ್ಲ. ಅವನು ಬೌಲ್ ಮಾಡುವುದನ್ನು ಅಪ್ಪ ಒಂದು ದಿನವೂ ನಿಂತು ನೋಡಿದವರಲ್ಲ. ದಿನಾ ಎದುರಿಸುವವನು ನಾನು. ಒಂದು ತಿಂಗಳಿಂದ ಅವನ ಚೆಂಡು ನನ್ನ ಬ್ಯಾಟಿಗೆ ಸಿಗುತ್ತಿಲ್ಲ.

ಅದನ್ನು ಅಪ್ಪನಿಗೆ ನಿನ್ನೆಯೇ ಹೇಳಬಹುದಿತ್ತು.