ಬೇಕೆಂದೇ ಮೊದಲು ಹೋದೆ

ಯಜಮಾನರೇ,

ಮನೆ ಮಾರಲು ಹೊರಟ ಸಂಗೀತದ ಮೇಷ್ಟ್ರು ಮೂವರು ಏಜೆಂಟರನ್ನು ಮಾತಿಗೆ ಕರೆದಿದ್ದರು. ಕೊನೆಗೆ ಹೋಗು, ಉಳಿದಿಬ್ಬರಿಗಿಂತ ಹೆಚ್ಚು ಬೆಲೆ ಹೇಳು ಎಂದು ನೀವು ತಾಕೀತು ಮಾಡಿದ್ದಿರಿ. ನಾನು ಬೇಕೆಂದೇ ಮೊದಲು ಹೋದೆ. ಯಾಕೆಂದು ಕೇಳಿದ್ದೀರಿ, ಹೇಳುತ್ತೇನೆ.

ಕೊನೆಗೆ ಹೋದವರಿಗೆ ಮನೆ ಕಾಣುವುದಿಲ್ಲ, ಹಿಂದಿನವರ ಬೆಲೆಯಷ್ಟೇ ಕಾಣುತ್ತದೆ. ನಾನು ಕೋಣೆ ಕೋಣೆ ಸುತ್ತಿ, ಬಚ್ಚಲ ಗೋಡೆ ಮುಟ್ಟಿ ನೋಡಿ, "ಸರ್, ಗೋಡೆ ನೀರು ಕುಡಿದಿದೆ. ರಿಪೇರಿ ಮಾಡಿಸ್ದೇ ಇದ್ರೆ ನೀವಂದ್ಕೊಂಡ ಬೆಲೆ ಬರಲ್ಲ" ಎಂದೆ. ಅವರ ಮುಖ ಸಪ್ಪಗಾಯಿತು. ಕೊನೆಗೆ ಬಂದವನು ಅಂಗೈಯಲ್ಲಿ ಅರಮನೆ ತೋರಿಸಿದ. ಮನೆ ಮಾರಿಸುವ ಕೆಲಸ ಅವನ ಪಾಲಾಯಿತು. ಸೋತೆ, ಒಪ್ಪುತ್ತೇನೆ. ತಪ್ಪು ಮಾಡಿದೆನೆಂದು ಮಾತ್ರ ಒಪ್ಪುವುದಿಲ್ಲ.

ನಿನ್ನೆ ಮೇಷ್ಟ್ರ ತಂಗಿ ಫೋನ್ ಮಾಡಿದ್ದರು. "ನಮ್ಮಣ್ಣಂಗೆ ನಿಮ್ಮೇಲೆ ಇನ್ನೂ ಕೋಪ ಇಳ್ದಿಲ್ಲ. ಆದ್ರೆ ಇದ್ದದ್ದನ್ನ ಇದ್ದಂಗೆ ಹೇಳಿದ್ದು ನೀವೊಬ್ರೇ. ನಮ್ಮನೇನೂ ಮಾರ್ಬೇಕು, ಬರ್ತೀರಾ?" ಅವರೂ ನಾಲ್ವರನ್ನು ಕರೆದಿದ್ದಾರೆ. ನಾಳೆ ಬೆಳಿಗ್ಗೆ ಒಂಬತ್ತಕ್ಕೆ ಹೋಗುತ್ತಿದ್ದೇನೆ, ಎಲ್ಲರಿಗಿಂತ ಮೊದಲು. ಕೆಲಸದಿಂದ ತೆಗೆಯುವುದಿದ್ದರೆ ಅಷ್ಟರೊಳಗೆ ತಿಳಿಸಿ. ಅವರ ಕೈಗೆ ನಿಮ್ಮ ಕಚೇರಿಯ ಕಾರ್ಡ್ ಕೊಡಬೇಕೋ, ನನ್ನ ಫೋನ್ ನಂಬರಷ್ಟೇ ಬರೆದುಕೊಡಬೇಕೋ ಗೊತ್ತಾಗಬೇಕು.

ಇಂತಿ,
ಇವತ್ತಿನ ಮಟ್ಟಿಗೆ ನಿಮ್ಮ ಏಜೆಂಟ್